ಕ್ಯಾಸ್ಟ್ ಹಾಕಿ ಕಂಪೈಲರ್ ಬಾಯಿ ಮುಚ್ಚಿಸುವುದು ಪೋರ್ಟಿಂಗ್ ಅಲ್ಲ

ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಓಡಿದ ಸಿ++ ಕೋಡನ್ನು ಮ್ಯಾಕ್‌ಗೋ ವಿಂಡೋಸ್‌ಗೋ ಒಯ್ದು ಮೊದಲ ಸಲ ಬಿಲ್ಡ್ ಮಾಡಿದವರಿಗೆ ಈ ಎರರ್ ಪರಿಚಿತ: ಒಂದೇ ಹೆಸರಿನ ಹಲವು ಫಂಕ್ಷನ್‌ಗಳಲ್ಲಿ ಯಾವುದನ್ನು ಕರೆಯಬೇಕೆಂದು ತೀರ್ಮಾನಿಸಲಾಗುತ್ತಿಲ್ಲ, ಕರೆ 'ಆಂಬಿಗ್ಯುಯಸ್' ಆಗಿದೆ. ವಿಷುಯಲ್ ಸಿ++ನಲ್ಲಿ ಇದರ ಸಂಖ್ಯೆ ಸಿ2668. ಜಿಸಿಸಿ ಮತ್ತು ಕ್ಲ್ಯಾಂಗ್ ಪೈಪೋಟಿಗೆ ನಿಂತ ಓವರ್‌ಲೋಡ್‌ಗಳನ್ನೆಲ್ಲ ಒಂದರ ಕೆಳಗೊಂದು ಪಟ್ಟಿ ಮಾಡಿ ತೋರಿಸುತ್ತವೆ. ಇದಕ್ಕೆ ನಮ್ಮ ವೃತ್ತಿಯಲ್ಲಿ ಬಾಯಿಂದ ಬಾಯಿಗೆ ಬಂದ ಪರಿಹಾರ ಒಂದೇ: "ಒಂದು ಕ್ಯಾಸ್ಟ್ ಹಾಕಿ, ಮುಂದೆ ಹೋಗಿ." ಹಿರಿಯರು ಕಿರಿಯರಿಗೆ ಹೇಳಿಕೊಡುವುದು ಇದನ್ನೇ. ಕೋಡ್ ರಿವ್ಯೂನಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಬಿಡುವುದೂ ಇದನ್ನೇ. ಈ ಸಲಹೆ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ.

ಮೊದಲು ಎದುರು ಪಕ್ಷದ ಮಾತನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಡುತ್ತೇನೆ. ಕ್ಯಾಸ್ಟ್ ಪರವಾಗಿರುವವರು ಮೂರು ಮಾತು ಹೇಳುತ್ತಾರೆ. ಒಂದು, ಕೋಡ್ ಸರಿಯಾಗಿಯೇ ಇದೆ. ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇಷ್ಟು ದಿನ ಓಡಿದ್ದೇ ಸಾಕ್ಷಿ. ಎರಡು, ಕಂಪೈಲರ್ ಸಲ್ಲದ ಶಾಸ್ತ್ರ ಹೇಳುತ್ತಿದೆ. ಚಿಕ್ಕ ಟೈಪಿನದೊಂದು, ದೊಡ್ಡ ಟೈಪಿನದೊಂದು ಫಂಕ್ಷನ್ ಕಣ್ಣೆದುರೇ ಇರುವಾಗ ದೊಡ್ಡದನ್ನು ಆರಿಸಿಕೊಳ್ಳುವುದಕ್ಕೆ ಅದಕ್ಕೇನು ಕಷ್ಟ? ಮೂರು, ಕ್ಯಾಸ್ಟ್ ಒಂದು ಸಾಲಿನ ಬದಲಾವಣೆ. ವಿನ್ಯಾಸಕ್ಕೆ ಕೈ ಹಚ್ಚುವುದಿಲ್ಲ, ಅಪಾಯವೂ ಇಲ್ಲ. ಮೂರೂ ಕೇಳಲು ಸಮಂಜಸವಾಗಿವೆ. ಮೂರೂ ನಿಲ್ಲುವುದಿಲ್ಲ.

ಮೊದಲನೆಯದನ್ನು ಒಂದು ನಿರ್ದಿಷ್ಟ ಸಂದರ್ಭದಲ್ಲಿಟ್ಟು ನೋಡೋಣ. ಒಂದು ಪ್ರೋಗ್ರಾಮ್‌ನಲ್ಲಿ 'ಬರೆ' ಎಂಬ ಫಂಕ್ಷನ್ ಇದೆ ಎನ್ನಿ. ಅದಕ್ಕೆ ಎರಡು ಓವರ್‌ಲೋಡ್: ಒಂದು 32 ಬಿಟ್‌ನ ಯೂಇಂಟ್32 ತೆಗೆದುಕೊಳ್ಳುತ್ತದೆ, ಇನ್ನೊಂದು 64 ಬಿಟ್‌ನ ಯೂಇಂಟ್64. ಈ ಫಂಕ್ಷನ್‌ಗೆ ಒಂದು ಬಫರ್‌ನ ಗಾತ್ರವನ್ನು, ಅಂದರೆ ಸೈಜ್-ಟಿ ಟೈಪಿನ ಬೆಲೆಯನ್ನು, ಕೊಟ್ಟಿದ್ದಾರೆ. 64 ಬಿಟ್ ಲಿನಕ್ಸ್‌ನಲ್ಲಿ ಇದು ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಏಕೆಂದರೆ ಅಲ್ಲಿ ಸೈಜ್-ಟಿ ಅಂದರೂ 'ಅನ್‌ಸೈನ್ಡ್ ಲಾಂಗ್', ಯೂಇಂಟ್64 ಅಂದರೂ 'ಅನ್‌ಸೈನ್ಡ್ ಲಾಂಗ್'. ಎರಡೂ ಒಂದೇ ಟೈಪಿಗೆ ಇಟ್ಟ ಎರಡು ಹೆಸರು.

ಅದೇ ಸಾಲನ್ನು ಮ್ಯಾಕ್‌ಗೆ ಒಯ್ಯಿರಿ. ಅಲ್ಲಿಯೂ ಸೈಜ್-ಟಿ 'ಅನ್‌ಸೈನ್ಡ್ ಲಾಂಗ್' ಆಗಿಯೇ ಇದೆ, ಆದರೆ ಯೂಇಂಟ್64 ಮಾತ್ರ 'ಅನ್‌ಸೈನ್ಡ್ ಲಾಂಗ್ ಲಾಂಗ್'. ಎರಡೂ 64 ಬಿಟ್. ಆದರೂ ಸಿ++ ದೃಷ್ಟಿಯಲ್ಲಿ ಅವು ಬೇರೆ ಬೇರೆ ಟೈಪು. ಈಗ ಕಂಪೈಲರ್ ಮುಂದೆ ನೇರ ಹೊಂದಿಕೆ ಯಾವುದೂ ಇಲ್ಲ. ಓವರ್‌ಲೋಡ್ ಆರಿಸುವಾಗ ಅದು ನೋಡುವುದು ಮೂರು ದರ್ಜೆಗಳನ್ನು: ನೇರ ಹೊಂದಿಕೆ, ಆಮೇಲೆ ಪ್ರಮೋಷನ್, ಆಮೇಲೆ ಸಾಮಾನ್ಯ ಪರಿವರ್ತನೆ. 'ಅನ್‌ಸೈನ್ಡ್ ಲಾಂಗ್'ನಿಂದ 'ಅನ್‌ಸೈನ್ಡ್ ಇಂಟ್'ಗೆ ಹೋಗುವುದೂ ಪರಿವರ್ತನೆ, 'ಅನ್‌ಸೈನ್ಡ್ ಲಾಂಗ್ ಲಾಂಗ್'ಗೆ ಹೋಗುವುದೂ ಪರಿವರ್ತನೆ. ಮೊದಲನೆಯದರಲ್ಲಿ ಅರ್ಧ ಬಿಟ್‌ಗಳು ಕಳೆದುಹೋಗುತ್ತವೆ, ಎರಡನೆಯದರಲ್ಲಿ ಏನೂ ಕಳೆಯುವುದಿಲ್ಲ. ಆದರೆ ದರ್ಜೆಯ ನಿಯಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೂ ಸಮಸಮ, ಆದ್ದರಿಂದ ಎರರ್.

ವಿಂಡೋಸ್‌ನಲ್ಲಿ ಕತೆ ಬೇರೆ. 64 ಬಿಟ್ ವಿಂಡೋಸ್‌ನಲ್ಲೂ 'ಲಾಂಗ್' 32 ಬಿಟ್ ಆಗಿಯೇ ಉಳಿಯಿತು. ಹಳೆಯ ಕೋಡ್ ಒಡೆಯಬಾರದೆಂದು ಹಾಗೆ ಉಳಿಸಿಕೊಂಡರು. ಯುನಿಕ್ಸ್ ವಂಶದವರು ಅದನ್ನು 64ಕ್ಕೆ ಬೆಳೆಸಿದರು. ವಿಂಡೋಸ್‌ನಲ್ಲಿ ಸೈಜ್-ಟಿ, ಯೂಇಂಟ್64 ಎರಡೂ 'ಅನ್‌ಸೈನ್ಡ್ ಲಾಂಗ್ ಲಾಂಗ್' ಆದ್ದರಿಂದ ನಮ್ಮ ಸಾಲು ಅಲ್ಲಿ ಮತ್ತೆ ಸಲೀಸಾಗಿ ಕಂಪೈಲ್ ಆಗುತ್ತದೆ. ಆದರೆ ಅದೇ 'ಬರೆ' ಫಂಕ್ಷನ್‌ಗೆ ಗೆಟ್‌ಲಾಸ್ಟ್‌ಎರರ್ ಎಂಬ ವಿಂಡೋಸ್ ಫಂಕ್ಷನ್ ಕೊಡುವ ಸಂಖ್ಯೆಯನ್ನು ದಾಟಿಸಿ ನೋಡಿ, ಎರರ್ ಬರುತ್ತದೆ. ಅದು ಕೊಡುವುದು ಡಿವರ್ಡ್, ಅಂದರೆ 'ಅನ್‌ಸೈನ್ಡ್ ಲಾಂಗ್'. ಅಲ್ಲಿಯ ಯೂಇಂಟ್32 'ಅನ್‌ಸೈನ್ಡ್ ಇಂಟ್'. ಎರಡೂ 32 ಬಿಟ್, ಟೈಪು ಬೇರೆ.

ಹಿಂದೆ ಸೇರು ಎಂಬ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಹೆಸರು ಒಂದೇ ಎಂದು ನಂಬಿ ಒಂದು ಸಂತೆಯ ಲೆಕ್ಕವನ್ನು ಇನ್ನೊಂದು ಸಂತೆಗೆ ಒಯ್ದವನು ನಷ್ಟ ಅನುಭವಿಸುತ್ತಿದ್ದ. 'ಲಾಂಗ್' ಅಂಥದೊಂದು ಸೇರು. ಹಾಗಿರುವಾಗ "ಇಷ್ಟು ದಿನ ಓಡಿತಲ್ಲ" ಎಂಬುದು ಯಾವುದಕ್ಕೆ ಸಾಕ್ಷಿ? ಒಂದು ಸಿಸ್ಟಮ್‌ನಲ್ಲಿ ಎರಡು ಹೆಸರುಗಳು ಆಕಸ್ಮಿಕವಾಗಿ ಒಂದೇ ಟೈಪಿಗೆ ಬಿದ್ದವು ಎನ್ನುವುದಕ್ಕೆ ಮಾತ್ರ. 'ಬರೆ'ಯನ್ನು ರಚಿಸಿದವರು ಎಲ್ಲ ಪೂರ್ಣಾಂಕಗಳಿಗೂ ಜಾಗ ಮಾಡಿದ್ದೇವೆ ಎಂದುಕೊಂಡರು. ಮಾಡಿದ್ದು ಅನ್‌ಸೈನ್ಡ್ ಇಂಟ್, ಲಾಂಗ್, ಲಾಂಗ್ ಲಾಂಗ್ ಎಂಬ ಮೂರರಲ್ಲಿ ಎರಡಕ್ಕೆ. ಆ ಖಾಲಿ ಜಾಗ ಲಿನಕ್ಸ್‌ನಲ್ಲೂ ಇತ್ತು, ಕಾಣಲಿಲ್ಲ ಅಷ್ಟೆ. ಪೋರ್ಟಿಂಗ್ ಹೊಸ ದೋಷವನ್ನು ತಂದಿಲ್ಲ, ಹಳೆಯದನ್ನು ತೋರಿಸಿಕೊಟ್ಟಿದೆ.

ಎರಡನೆಯ ಮಾತು: ಕಂಪೈಲರ್ ತಾನೇ ಒಂದನ್ನು ಆರಿಸಿಕೊಳ್ಳಬಹುದಿತ್ತು. ಹೀಗೆ ಹೇಳುವವರು ಸಿ++ ಚರಿತ್ರೆಯನ್ನು ಮರೆತಿದ್ದಾರೆ, ಏಕೆಂದರೆ ಈ ಪ್ರಯೋಗ ನಡೆದು, ಸೋತು, ಕೈಬಿಟ್ಟದ್ದು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ರೂಪಿಸಿದ ಮೊದಲ ಸಿ++ನಲ್ಲಿ ಇಂಥ ಗೊಂದಲ ಬಂದರೆ ಡಿಕ್ಲರೇಷನ್‌ಗಳ ಕ್ರಮ ನೋಡಿ ಮೊದಲು ಹೊಂದಿದ್ದನ್ನು ಆರಿಸಲಾಗುತ್ತಿತ್ತು. ಅಂದರೆ ಎರಡು ಹೆಡರ್‌ಗಳ ಸಾಲು ಅದಲುಬದಲಾದರೆ ಪ್ರೋಗ್ರಾಮ್‌ನ ಅರ್ಥವೇ ಬದಲಾಗಬಹುದಿತ್ತು. 1989ರ 2.0 ಆವೃತ್ತಿಯಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ಕ್ರಮಕ್ಕೆ ಬೆಲೆಯಿಲ್ಲ, ಸಮಸಮವಾದರೆ ಎರರ್ ಎಂದಾಯಿತು. ಇಂದು ನಾವು ಶಾಪ ಹಾಕುವ ಎರರ್ ಅನುಭವದಿಂದ ಬಂದ ತಿದ್ದುಪಡಿ.

ಕಂಪೈಲರ್ ಸದ್ದಿಲ್ಲದೆ ಆರಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಬೈಂಡ್ ಎಂಬ ಹೆಸರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನೆಟ್‌ವರ್ಕ್ ಪ್ರೋಗ್ರಾಮಿಂಗ್‌ನಲ್ಲಿ ಸಾಕೆಟ್‌ಗೆ ವಿಳಾಸ ಮತ್ತು ಪೋರ್ಟ್ ಕಟ್ಟುವ ಹಳೆಯ ಫಂಕ್ಷನ್ ಬೈಂಡ್. ಸಿ++11 ಬಂದಾಗ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೂ ಬೈಂಡ್ ಎಂಬ ಟೆಂಪ್ಲೇಟ್ ಬಂತು. ಅದಕ್ಕೂ ಸಾಕೆಟ್‌ಗೂ ಸಂಬಂಧವಿಲ್ಲ. ಫೈಲಿನ ತಲೆಯಲ್ಲಿ 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಎಂದು ಬರೆದಿದ್ದರೆ ಎರಡೂ ಪೈಪೋಟಿಗೆ ಇಳಿಯುತ್ತವೆ. ಮೂರನೆಯ ಆರ್ಗ್ಯುಮೆಂಟ್ ಆಗಿ ಸೈಜ್‌ಆಫ್ ಕೊಟ್ಟಿದ್ದರೆ ಸಾಕೆಟ್‌ನ ಬೈಂಡ್‌ಗೆ ಒಂದು ಪರಿವರ್ತನೆ ಬೇಕು. ಟೆಂಪ್ಲೇಟ್ ಏನು ಕೊಟ್ಟರೂ ನೇರವಾಗಿ ಹೊಂದಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಜಿಎನ್‌ಯು ಲೈಬ್ರರಿಯವರು ಇದನ್ನು ತಪ್ಪಿಸಲು, ಮೊದಲ ಆರ್ಗ್ಯುಮೆಂಟ್ ಪೂರ್ಣಾಂಕವಾದರೆ ತಮ್ಮ ಟೆಂಪ್ಲೇಟ್ ಹಿಂದೆ ಸರಿಯುವಂತೆ ಬರೆದಿದ್ದಾರೆ. ಮ್ಯಾಕ್‌ನ ಲಿಬ್‌ಸಿ++ ಹಾಗೆ ಮಾಡದ ಕಾರಣ ಅಲ್ಲಿ ಟೆಂಪ್ಲೇಟ್ ಗೆದ್ದುಬಿಡುತ್ತದೆ. ಫಲಿತಾಂಶವನ್ನು ಸೊನ್ನೆಯೊಂದಿಗೆ ಹೋಲಿಸಿ ನೋಡಿದ್ದರೆ ಕಂಪೈಲ್ ಆಗದೆ ಬಚಾವಾಗುತ್ತೀರಿ. ಫಲಿತಾಂಶವನ್ನು ನೋಡದೆ ಬಿಟ್ಟಿದ್ದರೆ ಎಲ್ಲ ಕಂಪೈಲ್ ಆಗುತ್ತದೆ, ಪ್ರೋಗ್ರಾಮ್ ಓಡುತ್ತದೆ, ಸಾಕೆಟ್ ಮಾತ್ರ ನೀವು ಹೇಳಿದ ಪೋರ್ಟ್‌ಗೆ ಕಟ್ಟಿಕೊಂಡಿರುವುದಿಲ್ಲ. ಇಲ್ಲಿ ಒಂದು ಆಂಬಿಗ್ಯುಯಸ್ ಎರರ್ ಬಂದಿದ್ದರೆ ಎಷ್ಟು ಜನರ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು!

ಎಬಿಎಸ್ ಕೂಡ ಅಂಥದ್ದೇ. ಸಂಖ್ಯೆಯ ನಿರಪೇಕ್ಷ ಮೌಲ್ಯ ಕೊಡುವ, ಸಿ ಭಾಷೆಯಿಂದ ಬಂದ ಎಬಿಎಸ್ ಪೂರ್ಣಾಂಕಕ್ಕೆ ಮಾತ್ರ. ದಶಮಾಂಶ ಸಂಖ್ಯೆಗಳ ಓವರ್‌ಲೋಡ್‌ಗಳನ್ನು ಸೇರಿಸಿದ್ದು ಸಿ++. ಜಿಸಿಸಿಯ ಹಳೆಯ ಆವೃತ್ತಿಗಳಲ್ಲಿ ಸಿ ಹೆಡರ್ ಒಂದನ್ನೇ ಸೇರಿಸಿ -0.7ರ ಎಬಿಎಸ್ ಕೇಳಿದರೆ ಉತ್ತರ 0. ಬೇರೆ ಹೆಡರ್ ಯಾವುದಾದರೂ ದಶಮಾಂಶದ ಓವರ್‌ಲೋಡನ್ನು ಪರೋಕ್ಷವಾಗಿ ಎಳೆದು ತಂದರೆ ಉತ್ತರ 0.7. ಯಾವ ಹೆಡರ್ ಯಾವುದನ್ನು ಎಳೆದು ತರುತ್ತದೆ ಎಂಬುದು ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬೇರೆ. ಆಯ್ಕೆಯನ್ನು ಕಂಪೈಲರ್ ಸುಮ್ಮನೆ ಮಾಡಿ ಮುಗಿಸಬೇಕಿತ್ತು ಎಂದು ಬಯಸುವವರು ಬಯಸುತ್ತಿರುವುದು ಇದನ್ನೇ.

ಮೂರನೆಯ ಮಾತು ಎಲ್ಲಕ್ಕಿಂತ ಅಪಾಯಕಾರಿ: ಕ್ಯಾಸ್ಟ್ ಒಂದೇ ಸಾಲು, ಅದರಿಂದ ಏನೂ ಆಗುವುದಿಲ್ಲ. ಮ್ಯಾಕ್‌ನಲ್ಲಿ ಬಿಲ್ಡ್ ಒಡೆದ ಆ 'ಬರೆ' ಕರೆಗೆ ಬರೋಣ. ಪೋರ್ಟಿಂಗ್ ಮಾಡುತ್ತಿರುವವರ ಮುಂದೆ ಎರಡು ಓವರ್‌ಲೋಡ್ ಇವೆ. ಪಕ್ಕದ ಸಾಲುಗಳೆಲ್ಲ ಯೂಇಂಟ್32 ಬಳಸುತ್ತಿವೆ. ಅವರೂ ಅದಕ್ಕೇ ಕ್ಯಾಸ್ಟ್ ಮಾಡುತ್ತಾರೆ. ಬಿಲ್ಡ್ ಪಾಸಾಯಿತು, ಪರೀಕ್ಷೆಗಳೂ ಪಾಸಾದವು. ಪರೀಕ್ಷೆಯ ಫೈಲ್‌ಗಳು ಚಿಕ್ಕವು. ಒಂದು ದಿನ 5 ಜಿಬಿ ಫೈಲ್ ಬರುತ್ತದೆ. ಅದನ್ನು ತುಂಬಿಕೊಂಡ ಬಫರ್‌ನ ಗಾತ್ರ 5,368,709,120 ಬೈಟ್. 32 ಬಿಟ್‌ಗೆ ಇಳಿಸಿದಾಗ ಉಳಿಯುವುದು 1,073,741,824, ಅಂದರೆ ಸರಿಯಾಗಿ 1 ಜಿಬಿ. ಇದು ನೋಡಲು ನಂಬುವಂಥ ಸಂಖ್ಯೆ. ಋಣ ಸಂಖ್ಯೆಯಲ್ಲ, ಕಸದಂತೆ ಕಾಣುವ ಸಂಖ್ಯೆಯೂ ಅಲ್ಲ. ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೂ ಒಂದು ಅನಾಹುತವಿದೆ, ಅದನ್ನು ಕ್ಯಾಸ್ಟ್ ಪರವಾಗಿರುವವರು ಎಂದೂ ಹೇಳುವುದಿಲ್ಲ. ಆ ಸಾಲು ಮ್ಯಾಕ್‌ನದೊಂದೇ ಅಲ್ಲ. ಲಿನಕ್ಸ್‌ನಲ್ಲೂ ಅದೇ ಸಾಲು ಕಂಪೈಲ್ ಆಗುತ್ತದೆ. ಅಲ್ಲಿ ನಿನ್ನೆಯವರೆಗೆ 64 ಬಿಟ್ ಓವರ್‌ಲೋಡ್‌ಗೆ ನೇರವಾಗಿ ಹೋಗುತ್ತಿದ್ದ ಬೆಲೆ ಇಂದಿನಿಂದ 32 ಬಿಟ್‌ಗೆ ಕತ್ತರಿಸಿಕೊಂಡು ಹೋಗುತ್ತದೆ. ಹೊಸ ಸಿಸ್ಟಮ್‌ಗೆ ಒಗ್ಗಿಸಲು ಹೋಗಿ ಹಳೆಯ ಸಿಸ್ಟಮ್‌ನಲ್ಲಿ ಸರಿಯಾಗಿದ್ದದ್ದನ್ನು ಕೆಡಿಸಿದ್ದಾಯಿತು. ಅದೂ ಯಾವ ಎಚ್ಚರಿಕೆಯೂ ಇಲ್ಲದೆ, ಏಕೆಂದರೆ ಪರಿವರ್ತನೆಯ ಬಗ್ಗೆ ಕಂಪೈಲರ್ ಕೊಡಬಹುದಾಗಿದ್ದ ವಾರ್ನಿಂಗ್ ಕೂಡ ಕ್ಯಾಸ್ಟ್ ಕಂಡರೆ ಸುಮ್ಮನಾಗುತ್ತದೆ. 'ನನಗೆ ಗೊತ್ತಿದ್ದೇ ಮಾಡುತ್ತಿದ್ದೇನೆ' ಎಂದು ನೀವು ಬರೆದುಕೊಟ್ಟಿದ್ದೀರಿ, ಅದು ನಂಬಿದೆ. ನಾಳೆ ಆ ವೇರಿಯಬಲ್‌ನ ಟೈಪನ್ನು ಯಾರಾದರೂ ಬದಲಿಸಿದರೂ ಕ್ಯಾಸ್ಟ್ ಅಲ್ಲೇ ಕುಳಿತು ಎಲ್ಲವನ್ನೂ ಮುಚ್ಚುತ್ತಿರುತ್ತದೆ.

"ದೊಡ್ಡ ಟೈಪಿಗೆ ಕ್ಯಾಸ್ಟ್ ಮಾಡಿದರಾಯಿತಲ್ಲ?" ಎಂದು ಕೇಳಬಹುದು. ದೊಡ್ಡದು ಯಾವುದು ಎಂಬುದು ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಸಿ++98ರಲ್ಲಿ ವರ್ಗಮೂಲದ ಫಂಕ್ಷನ್‌ಗೆ ಫ್ಲೋಟ್, ಡಬಲ್, ಲಾಂಗ್ ಡಬಲ್ ಎಂದು ಮೂರು ಓವರ್‌ಲೋಡ್ ಇದ್ದವು. ಅದಕ್ಕೆ ಪೂರ್ಣಾಂಕ ಕೊಟ್ಟರೆ ಮೂರೂ ಸಮಸಮ. ಲಿನಕ್ಸ್‌ನ ಜಿಎನ್‌ಯು ಲೈಬ್ರರಿ ಪೂರ್ಣಾಂಕಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿತ್ತು, ಆದ್ದರಿಂದ ಅಲ್ಲಿ ತೊಂದರೆ ಕಾಣಲಿಲ್ಲ. ಅದೇ ಕೋಡ್ ಸೊಲಾರಿಸ್‌ಗೋ ವಿಷುಯಲ್ ಸ್ಟುಡಿಯೋ 2003ಕ್ಕೋ ಹೋದಾಗ ಒಡೆಯಿತು. ಫ್ಲೋಟ್‌ಗೆ ಕ್ಯಾಸ್ಟ್ ಮಾಡಿ ಮುಂದೆ ಹೋದವರ ಕೋಡ್‌ನಲ್ಲಿ 16,777,217 ಎಂಬ ಪೂರ್ಣಾಂಕ 16,777,216 ಆಗಿಬಿಡುತ್ತದೆ. ಫ್ಲೋಟ್‌ನಲ್ಲಿ ನಿಖರತೆಗೆ ಇರುವುದು 24 ಬಿಟ್. ಸಿ++11 ಈ ಜಗಳವನ್ನು ಹೇಗೆ ಬಗೆಹರಿಸಿತು ನೋಡಿ: ಪೂರ್ಣಾಂಕ ಬಂದರೆ ಡಬಲ್ ಎಂದು ಪರಿಗಣಿಸುವ ಓವರ್‌ಲೋಡ್‌ಗಳು ಲೈಬ್ರರಿಯಲ್ಲೇ ಇರಬೇಕು ಎಂದಿತು. ಕರೆಯುವವರಿಗೆ ಕ್ಯಾಸ್ಟ್ ಮಾಡಿಕೊಳ್ಳಿ ಎನ್ನಲಿಲ್ಲ. ತಿದ್ದುಪಡಿ ನಡೆದದ್ದು ಡಿಕ್ಲರೇಷನ್‌ನಲ್ಲಿ.

ಸಂಖ್ಯೆಯನ್ನು ಅಕ್ಷರಕ್ಕೆ ತಿರುಗಿಸುವ ಟು-ಸ್ಟ್ರಿಂಗ್ ಇನ್ನೊಂದು ಪಾಠ. ವಿಷುಯಲ್ ಸ್ಟುಡಿಯೋ 2010ರಲ್ಲಿ ಅದಕ್ಕೆ ಇದ್ದದ್ದು ಮೂರೇ ಓವರ್‌ಲೋಡ್: ಲಾಂಗ್ ಲಾಂಗ್, ಅನ್‌ಸೈನ್ಡ್ ಲಾಂಗ್ ಲಾಂಗ್, ಲಾಂಗ್ ಡಬಲ್. ಮೂರೂ ದೊಡ್ಡ ಟೈಪುಗಳೇ. ಎಲ್ಲವನ್ನೂ ಹಿಡಿಸಬಲ್ಲವು ಎಂಬ ಲೆಕ್ಕ. ಆದರೆ ಅದಕ್ಕೆ 5 ಎಂಬ ಸಾದಾ ಇಂಟ್ ಕೊಟ್ಟರೂ ಆಂಬಿಗ್ಯುಯಸ್. ಸಿ++11 ಅಂತಿಮವಾದಾಗ ಒಂಬತ್ತು ಓವರ್‌ಲೋಡ್ ಬಂದವು: ಇಂಟ್, ಲಾಂಗ್, ಲಾಂಗ್ ಲಾಂಗ್, ಅವುಗಳ ಅನ್‌ಸೈನ್ಡ್ ರೂಪಗಳು, ಜೊತೆಗೆ ದಶಮಾಂಶದ ಮೂರು. ಗೊಂದಲ ಅಲ್ಲಿಗೆ ಮುಗಿಯಿತು. ಸೀಔಟ್‌ಗೆ ಸೈಜ್-ಟಿಯನ್ನು ಕಳಿಸಿದರೆ ಯಾವ ಸಿಸ್ಟಮ್‌ನಲ್ಲೂ ಈ ಎರರ್ ಬರದಿರುವುದಕ್ಕೂ ಇದೇ ಕಾರಣ. ಅದರ ಓವರ್‌ಲೋಡ್‌ಗಳು ನಿಂತಿರುವುದು ಇಂಟ್, ಲಾಂಗ್, ಲಾಂಗ್ ಲಾಂಗ್ ಎಂಬ ಮೂಲ ಟೈಪುಗಳ ಮೇಲೆ. ಯೂಇಂಟ್64ನಂಥ ಅಡ್ಡಹೆಸರುಗಳ ಮೇಲಲ್ಲ.

'ಬರೆ'ಗೂ ಇದೇ ದಾರಿ. ಕೆಲವರು ಅರ್ಧ ದಾರಿ ಬರುತ್ತಾರೆ: ಮ್ಯಾಕ್‌ಗೆಂದು 'ಅನ್‌ಸೈನ್ಡ್ ಲಾಂಗ್'ನ ಇನ್ನೊಂದು ಓವರ್‌ಲೋಡ್ ಸೇರಿಸುತ್ತಾರೆ. ಕೂಡಲೇ ಲಿನಕ್ಸ್ ಬಿಲ್ಡ್ ಒಡೆಯುತ್ತದೆ, ಏಕೆಂದರೆ ಅಲ್ಲಿ ಯೂಇಂಟ್64 ಆಗಲೇ 'ಅನ್‌ಸೈನ್ಡ್ ಲಾಂಗ್', ಒಂದೇ ಫಂಕ್ಷನ್ ಎರಡು ಸಲ ಬರೆದಂತಾಯಿತು. ಆಗ ಅದರ ಸುತ್ತ ಇಫ್‌ಡೆಫ್ ಬೇಲಿ ಹಾಕುತ್ತಾರೆ. ಸಿಸ್ಟಮ್‌ಗಳು ಹೆಚ್ಚಿದಂತೆ ಬೇಲಿಗಳೂ ಹೆಚ್ಚುತ್ತವೆ. ಬದಲಿಗೆ ಅಡ್ಡಹೆಸರುಗಳನ್ನು ತೆಗೆದು 'ಅನ್‌ಸೈನ್ಡ್ ಇಂಟ್', 'ಅನ್‌ಸೈನ್ಡ್ ಲಾಂಗ್', 'ಅನ್‌ಸೈನ್ಡ್ ಲಾಂಗ್ ಲಾಂಗ್' ಎಂದು ಮೂರನ್ನೂ ನೇರವಾಗಿ ಬರೆಯಿರಿ. ಬಿಟ್ ಎಷ್ಟೇ ಇರಲಿ, ಈ ಮೂರು ಎಲ್ಲ ಸಿಸ್ಟಮ್‌ಗಳಲ್ಲೂ ಬೇರೆ ಬೇರೆ ಟೈಪುಗಳೇ. ಎಲ್ಲೂ ಘರ್ಷಣೆಯಿಲ್ಲ, ಈ ಮೂರು ಟೈಪುಗಳ ಮಟ್ಟಿಗೆ ಎಲ್ಲೂ ಖಾಲಿ ಜಾಗವಿಲ್ಲ. ಮೂರು ಬೇಡವೆಂದರೆ ಯಾವ ಪೂರ್ಣಾಂಕವನ್ನಾದರೂ ತೆಗೆದುಕೊಳ್ಳುವ ಒಂದು ಟೆಂಪ್ಲೇಟ್ ಬರೆದು, ಒಳಗೆ ಅದರ ಗಾತ್ರ ನೋಡಿ 32ಕ್ಕೋ 64ಕ್ಕೋ ಕಳಿಸಿ.

ಇನ್ನೊಂದು ಬಣವಿದೆ, ಅವರದು ಹೆಚ್ಚು ಗಂಭೀರ ಆಕ್ಷೇಪ. ರೋಗದ ಮೂಲ ಓವರ್‌ಲೋಡೇ, ಅದನ್ನೇ ಬಿಟ್ಟುಬಿಡಿ, ಪ್ರತಿಯೊಂದಕ್ಕೂ ಬೇರೆ ಹೆಸರಿಡಿ ಎನ್ನುತ್ತಾರೆ. ಗೋ ಭಾಷೆಯಲ್ಲಿ, ರಸ್ಟ್‌ನಲ್ಲಿ ಇಂಥ ಓವರ್‌ಲೋಡ್ ಇಲ್ಲ ಎಂದು ತೋರಿಸುತ್ತಾರೆ. ಫೈಲಿನಲ್ಲಿ ಎಷ್ಟು ಬೈಟ್ ಬೀಳಬೇಕೆಂಬುದು ಮುಖ್ಯವಾದ ಕಡೆ ಹೆಸರಿನಲ್ಲೇ ಅಗಲ ಹೇಳುವುದು ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಆದರೆ ಗೋ ಮತ್ತು ರಸ್ಟ್‌ನಲ್ಲಿ ಒಂದು ಪೂರ್ಣಾಂಕದ ಟೈಪು ಇನ್ನೊಂದಕ್ಕೆ ತಾನಾಗಿ ಬದಲಾಗುವುದಿಲ್ಲ, ಸಿ++ನಲ್ಲಿ ಬದಲಾಗುತ್ತದೆ. 'ಬರೆ32' ಎಂಬ ಒಂಟಿ ಫಂಕ್ಷನ್‌ಗೆ ಸೈಜ್-ಟಿ ಕೊಟ್ಟರೆ ಸಿ++ ಅದನ್ನು ಕತ್ತರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ, ಎರರ್ ಬರುವುದಿಲ್ಲ. ಓವರ್‌ಲೋಡ್ ಇದ್ದಾಗ ಕನಿಷ್ಠ ಪ್ರಶ್ನೆಯಾದರೂ ಎದ್ದಿತ್ತು.

ಪೋರ್ಟಿಂಗ್‌ಗೆ ಓವರ್‌ಲೋಡ್ ಶತ್ರುವಲ್ಲ, ಬಲಗೈ ಎನ್ನುವುದಕ್ಕೆ ಸ್ಟ್ರ್‌ಎರರ್-ಆರ್ ಸಾಕು. ಎರರ್ ಸಂಖ್ಯೆಗೆ ವಿವರಣೆ ಕೊಡುವ ಈ ಫಂಕ್ಷನ್ ಪೋಸಿಕ್ಸ್ ಪ್ರಕಾರ ಒಂದು ಇಂಟ್ ಹಿಂದಿರುಗಿಸುತ್ತದೆ. ಮ್ಯಾಕ್, ಫ್ರೀಬಿಎಸ್‌ಡಿಗಳಲ್ಲಿ ಹಾಗೇ ಇದೆ. ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ ಜಿ++ ಬಳಸಿದಾಗ ಸಿಗುವ ರೂಪ ಅಕ್ಷರಗಳ ಪಾಯಿಂಟರ್ ಹಿಂದಿರುಗಿಸುತ್ತದೆ. ಸಾಮಾನ್ಯವಾಗಿ ಎಲ್ಲರೂ 'ಲಿನಕ್ಸ್ ಆದರೆ ಹೀಗೆ' ಎಂದು ಇಫ್‌ಡೆಫ್ ಬರೆಯುತ್ತಾರೆ. ಆಮೇಲೆ ಅದೇ ಕೋಡ್ ಆಲ್ಪೈನ್ ಲಿನಕ್ಸ್‌ಗೆ ಹೋಗುತ್ತದೆ. ಅದೂ ಲಿನಕ್ಸೇ, ಆದರೆ ಅಲ್ಲಿರುವುದು ಮಸಲ್ ಲೈಬ್ರರಿ, ಅದು ಕೊಡುವುದು ಇಂಟ್. ಇಫ್‌ಡೆಫ್ ಸುಳ್ಳಾಯಿತು. ಓವರ್‌ಲೋಡ್ ಬಲ್ಲವರು ಎರಡು ಪುಟ್ಟ ಸಹಾಯಕ ಫಂಕ್ಷನ್ ಬರೆಯುತ್ತಾರೆ: ಹೆಸರು ಒಂದೇ, ಒಂದು ಇಂಟ್ ತೆಗೆದುಕೊಳ್ಳುತ್ತದೆ, ಇನ್ನೊಂದು ಪಾಯಿಂಟರ್. ಸ್ಟ್ರ್‌ಎರರ್-ಆರ್ ಏನು ಕೊಟ್ಟಿತೋ ಅದನ್ನು ನೇರವಾಗಿ ಅದಕ್ಕೆ ದಾಟಿಸುತ್ತಾರೆ. ಯಾವ ಆಪರೇಟಿಂಗ್ ಸಿಸ್ಟಮ್‌ನ ಹೆಸರೂ ಕೋಡ್‌ನಲ್ಲಿಲ್ಲ; ಟೈಪು ನೋಡಿ ಕಂಪೈಲರ್ ಸರಿಯಾದದ್ದನ್ನು ಹುಡುಕಿಕೊಳ್ಳುತ್ತದೆ. ನಾಳೆ ಬರುವ ಹೊಸ ಸಿಸ್ಟಮ್‌ಗೂ ಈ ಕೋಡ್ ಸಿದ್ಧವಾಗಿರುತ್ತದೆ. ಕ್ಯಾಸ್ಟ್‌ನಿಂದ ಇದು ಸಾಧ್ಯವೇ?

ಕೊನೆಗೆ ಉಳಿಯುವುದು ಗಡುವಿನ ಮಾತು: ಸಮಯ ಎಲ್ಲಿದೆ? ಇದನ್ನೂ ಲೆಕ್ಕ ಹಾಕಿಯೇ ನೋಡಿ. ಒಂದು ಹೆಡರ್‌ನಲ್ಲಿ ಒಂದು ಓವರ್‌ಲೋಡ್ ಕೊರತೆಯಾದರೆ ಅದನ್ನು ಕರೆದ ನೂರಾರು ಕಡೆ ಎರರ್ ಬರುತ್ತದೆ. ಕ್ಯಾಸ್ಟ್ ಹಾಕುವವರು ನೂರಾರು ಸಾಲು ಮುಟ್ಟಬೇಕು, ಪ್ರತಿ ಸಾಲಿನಲ್ಲೂ ತಪ್ಪುವ ಸಾಧ್ಯತೆಯಿದೆ. ಡಿಕ್ಲರೇಷನ್ ತಿದ್ದುವವರು ಒಂದು ಕಡೆ ತಿದ್ದಿದರೆ ಎಲ್ಲ ಎರರ್‌ಗಳೂ ಒಟ್ಟಿಗೆ ಹೋಗುತ್ತವೆ. ಹಾಗಾದರೆ ಜನ ಕ್ಯಾಸ್ಟ್ ಕಡೆಗೇ ಯಾಕೆ ವಾಲುತ್ತಾರೆ? ಬೆಂಗಳೂರಿನಲ್ಲಿ ಕುಳಿತು ಬೇರೆಡೆ ಹುಟ್ಟಿದ ಸಾಫ್ಟ್‌ವೇರನ್ನು ಹೊಸ ಸಿಸ್ಟಮ್‌ಗೆ ಒಗ್ಗಿಸುವ ಎಂಜಿನಿಯರ್‌ಗಳಿಗೆ ಇದರ ಉತ್ತರ ಗೊತ್ತು. "ಮೂಲ ಹೆಡರ್ ಮುಟ್ಟಬೇಡಿ" ಎಂಬ ಅಪ್ಪಣೆ ಮೇಲಿನಿಂದ ಬಂದಿರುತ್ತದೆ. ದೋಷ ಇರುವ ಜಾಗಕ್ಕೆ ಪ್ರವೇಶವಿಲ್ಲ, ದೋಷ ಕಾಣುವ ಜಾಗದಲ್ಲಿ ಮಾತ್ರ ಕೆಲಸ. ಈ ಅಪ್ಪಣೆ ಕೊಡುವವರೇ ಕ್ಯಾಸ್ಟ್‌ಗಳನ್ನು ಹುಟ್ಟಿಸುವವರು. ಪೋರ್ಟಿಂಗ್ ಕೈಕೆಳಗಿನ ಕೆಲಸವಲ್ಲ. ಮೂಲ ಲೇಖಕರ ಕಣ್ಣಿಗೆ ಬೀಳದ ಊಹೆಗಳು ಬಯಲಾಗುವುದು ಅಲ್ಲಿಯೇ. ಅದನ್ನು ಮಾಡುವವರಿಗೆ ಡಿಕ್ಲರೇಷನ್ ತಿದ್ದುವ ಅಧಿಕಾರ ಕೊಡಬೇಕು.

ಹೆಡರ್ ಬೇರೆಯವರದ್ದಾಗಿ, ನಿಜಕ್ಕೂ ಮುಟ್ಟಲಾಗದ ಸಂದರ್ಭಗಳಿವೆ. ಆಗಲೂ ಹಳೆಯ ಆವರಣ ಚಿಹ್ನೆಯ ಕ್ಯಾಸ್ಟ್ ಬೇಡ. ಸಿ++11ರ ಪುಷ್ಪಾವರಣ ಬಳಸಿ ಬೇಕಾದ ಟೈಪನ್ನು ಕಟ್ಟಿ. ಬೆಲೆ ಕತ್ತರಿಸಿಹೋಗುವ ಪರಿವರ್ತನೆಯನ್ನು ಅಲ್ಲಿ ಸ್ಟ್ಯಾಂಡರ್ಡ್ ನಿಷೇಧಿಸುತ್ತದೆ. ಕ್ಲ್ಯಾಂಗ್ ಎರರ್ ಕೊಡುತ್ತದೆ, ಜಿಸಿಸಿ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಸೈಜ್-ಟಿಯನ್ನು ಯೂಇಂಟ್64ಗೆ ಹೀಗೆ ಒಯ್ದರೆ ತಕರಾರಿಲ್ಲ, ಯೂಇಂಟ್32ಗೆ ಒಯ್ದರೆ ಕಂಪೈಲರ್ ತಡೆದು ಕೇಳುತ್ತದೆ.

ಆದ್ದರಿಂದ ಪ್ರತಿ ತಂಡವೂ ಕೋಡ್ ರಿವ್ಯೂನಲ್ಲಿ ಒಂದು ನಿಯಮ ಮಾಡಿಕೊಳ್ಳಲಿ: ಆಂಬಿಗ್ಯುಯಸ್ ಎರರ್ ನಿಲ್ಲಿಸುವುದಕ್ಕೆಂದೇ ಹಾಕಿದ ಕ್ಯಾಸ್ಟ್ ಪಾಸಾಗಕೂಡದು. ಹಾಕಿದವರು ಮೂರು ಪ್ರಶ್ನೆಗೆ ಉತ್ತರ ಕೊಡಲಿ. ಈ ಆರ್ಗ್ಯುಮೆಂಟ್‌ನ ಮೂಲ ಟೈಪು ಪ್ರತಿ ಸಿಸ್ಟಮ್‌ನಲ್ಲೂ ಏನು? ಯಾವ ಓವರ್‌ಲೋಡ್ ಇಲ್ಲದ್ದರಿಂದ ಗೊಂದಲ ಹುಟ್ಟಿತು? ಅದನ್ನು ಹೆಡರ್‌ನಲ್ಲಿ ಯಾಕೆ ಸೇರಿಸಲಿಲ್ಲ? ಮೂರಕ್ಕೂ ಉತ್ತರ ಸಿಕ್ಕಿದ ಕಡೆ ಕ್ಯಾಸ್ಟ್‌ನ ಅಗತ್ಯವೇ ಬೀಳುವುದು ಅಪರೂಪ. ಉತ್ತರ ಸಿಗದ ಕಡೆ ಕ್ಯಾಸ್ಟ್ ಹಾಕುವ ಹಕ್ಕು ಯಾರಿಗೂ ಇಲ್ಲ.